ದುಭಾಷಿಯ ರಾತ್ರಿಪಾಳಿ

ಹಗಲೆಲ್ಲ ಸಾರ್ಪಿ ಗಡಿಯ ತಗಡಿನ ಕೋಣೆಯಲ್ಲಿ
ತುರ್ಕಿ ಲಾರಿಯವರಿಗೂ ನಮ್ಮ ಜಾರ್ಜಿಯಾದ ಸುಂಕದವರಿಗೂ
ನಡುವಿನ ನಾಲಿಗೆ ನಾನು.
ಟೊಮೆಟೊ ಎಷ್ಟು ಟನ್ನು, ಸೀಲು ಯಾಕೆ ಒಡೆದಿದೆ,
ಪಕ್ಕದಲ್ಲಿ ಕೂತವಳು ನಿನಗೇನಾಗಬೇಕು:
ಇವರದು ಅವರಿಗೆ, ಅವರದು ಇವರಿಗೆ.
ಏಳರ ಮಿನಿಬಸ್ಸು ಬತುಮಿ ಮುಟ್ಟುವಾಗ
ಬಾಯಲ್ಲಿ ಯಾವ ಭಾಷೆಯ ಪಸೆಯೂ ಇರುವುದಿಲ್ಲ.

ಮನೆಯಲ್ಲಿ ತಂಗಿಯ ಮಗ ವಾಖೋ,
ತೊಡೆಯ ಮೇಲೆ ಬೆಕ್ಕಿನಷ್ಟು ಬಿಸಿಯಾದ ಹಳೇ ಲ್ಯಾಪ್‌ಟಾಪು.
ವಿಂಡೋಸಿನ ಭಾರಕ್ಕೆ ಏದುಸಿರು ಬಿಡುತ್ತಿದೆಯೆಂದು
ಹೋದ ಚಳಿಗಾಲ ಅದನ್ನು ಕಿತ್ತು ಲಿನಕ್ಸು ಹಾಕಿದವಳು ನಾನೇ.
ಎಲ್ಲಾ ಆಟವೂ ಓಡುತ್ತೆ ಕಣೋ, ಅಂದಿದ್ದೆ.
ಮಾತು ಆಡಿದರೆ ಹೋಯಿತು.

ಅವನಿಗೆ ಬೇಕಿರುವುದು ಟಗ್ ದೋಣಿಯ ಆಟ.
ಗುಬ್ಬಿಯಂಥ ದೋಣಿಯೊಂದು
ಬೆಟ್ಟದಂಥ ಹಡಗನ್ನು ಹಗ್ಗ ಕಟ್ಟಿ ಬಂದರಿಗೆ ಎಳೆಯಬೇಕು.
ಇದಕ್ಕೆ ವೈನ್ ಬೇಕು, ಎಂದೆ ಮೆಟ್ಟಿಲ ಬಳಿ.
ವೈನ್ ಅಂದರೆ ನಮ್ಮ ಗ್ವಿನೋ ಎಂದು ವಾಖೋ ಬಾಯಿಬಿಟ್ಟ.
ಕೆಳಮನೆಯ ಬಾದ್ರಿ ಕೋಲಾ ಬಾಟಲಿಯ ತುಂಬ
ಸ್ವಂತ ದ್ರಾಕ್ಷಿಯದೇ ಹಿಡಿದು ಬಂದ.
ಅಲ್ಲ ಬಾದ್ರಿ, ಅದೊಂದು ತಂತ್ರಾಂಶದ ಹೆಸರು...
ಈ ದೇಶದಲ್ಲಿ ಅದನ್ನು ಯಾರು ನಂಬುತ್ತಾರೆ?

ಗೋಡೆಯಲ್ಲಿ ತೂತೇ ಇಲ್ಲ, ಆದರೂ
ಕಿಟಕಿಯ ಚೌಕಟ್ಟು ಹೊಡೆದು ಪರದೆ ಇಳಿಬಿಟ್ಟ ಹಾಗೆ.
ಸಿ ಡ್ರೈವ್ ಎಲ್ಲಿ, ಎಂದು ಕೇಳುತ್ತದೆ ಆಟ.
ಇಲ್ಲೇ ಇದೆಯಲ್ಲ, ಎನ್ನುತ್ತದೆ ವೈನ್,
ಒಂದು ಬಡ ಫೋಲ್ಡರನ್ನು ತೋರಿಸಿ.
ಸುಳ್ಳೆನ್ನಲಾರೆ. ಕೇಳಿದ್ದು ಕೇಳಿದಲ್ಲೇ ಸಿಗುತ್ತದೆ.

ಮೊದಲ ರಾತ್ರಿ ಕಪ್ಪು ಪರದೆ.
ಎರಡನೆಯ ರಾತ್ರಿ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು,
ಫಾಂಟು ತಂದು ಸುರಿದೆ.
ಯಾವುದೋ ಡಿಎಲ್‌ಎಲ್ ಇಲ್ಲವೆಂದು ಮುನಿಸು,
ಹುಡುಕಿ ತಂದರೆ ಅದರ ಅಣ್ಣ ಇಲ್ಲವೆಂದು ಮುನಿಸು.
ಹಡಗಿನ ಸಿಳ್ಳೆ ಹುರಿಗಡಲೆ ಜಗಿದಂತೆ ಕರಕರ,
ಅರವತ್ತು ಮಿಲಿಸೆಕೆಂಡು ತಡ ಕೊಟ್ಟೆ,
ಸಿಳ್ಳೆ ಸಿಳ್ಳೆಯಾಯಿತು.

ನಾಲ್ಕನೆಯ ರಾತ್ರಿ ಸಮುದ್ರ ಬಂತು.
ಬಂತು, ಆದರೆ ಉಗ್ಗುತ್ತ.
ಮೊದಲ ಅಲೆಗೆ ತಡೆ. ಮೊದಲ ಹೊಗೆಗೆ ತಡೆ.
ಕಡಲಕ್ಕಿ ರೆಕ್ಕೆ ಬಿಚ್ಚುವಾಗ ಜಗತ್ತೇ ಅರೆಗಳಿಗೆ ನಿಂತು
ಮತ್ತೆ ಹೊರಟಿತು.
ಕೆಟ್ಟಿದೆ ಅತ್ತೆಮ್ಮ, ಎಂದ ವಾಖೋ,
ಕೆಟ್ಟಿಲ್ಲ, ಎಂದೆ. ಹೊಸ ಬೆಳಕು ಕಂಡಾಗೆಲ್ಲ
ಅದರ ಅನುವಾದ ಬರೆದಿಟ್ಟುಕೊಳ್ಳುತ್ತಿದೆ.
ಇನ್ನೊಂದು ಸುತ್ತು ಹೋಗಿ ಬಾ.

ಆ ಬೆಳಿಗ್ಗೆಯೇ ಚಾಲಕನೊಬ್ಬ
ಶೀತಲ ಪೆಟ್ಟಿಗೆಯ ಯಾವುದೋ ಭಾಗದ ಹೆಸರು ಹೇಳಿದ್ದ.
ಹದಿನಾಲ್ಕು ವರ್ಷದಲ್ಲಿ ಕೇಳದ ಪದ.
ನಾನು ನಿಂತೆ. ಎರಡೂ ಕಡೆಯವರು
ನನ್ನ ಬಾಯಿ ನೋಡುತ್ತ ನಿಂತರು.
ಅವನು ಕೈಯಲ್ಲಿ ಬೀಸಣಿಗೆ ತಿರುಗಿಸಿ ತೋರಿಸಿದ.
ಮುಂದಿನ ಲಾರಿಗೆ ನಾನು ತಡವರಿಸಲಿಲ್ಲ.

ಎರಡನೆಯ ಸುತ್ತಿಗೆ ನೀರು ನೀರಿನಂತೆ ಹರಿಯಿತು.
ಹದಿನಾಲ್ಕು ಫ್ರೇಮು ಐವತ್ತೆಂಟಾಯಿತು.
ವಾಖೋ ತುಟಿ ಕಚ್ಚಿ ಹಗ್ಗ ಬಿಗಿದು
ಕೆಂಪು ಹೊಟ್ಟೆಯ ಹಡಗನ್ನು ಧಕ್ಕೆಗೆ ತಂದ,
ಸ್ವಲ್ಪ ಡಿಕ್ಕಿ ಹೊಡೆಸಿಯೇ ತಂದ.

ಆಮೇಲೆ ಕೇಳಿದ, ಮೆಲ್ಲಗೆ:
ಶಾಲೆಯವರೆಲ್ಲ ಆಡುವ ಆ ಗುಂಡಿನ ಆಟ?
ಅದು ಆಗುವುದಿಲ್ಲ.
ಮೋಸಗಾರರನ್ನು ತಡೆಯಲು ಬಾಗಿಲಲ್ಲಿ ಕಾವಲಿಟ್ಟಿದ್ದಾರೆ;
ನೀನೇನು ಹೇಳುತ್ತೀ ಎಂಬುದು ಅವನಿಗೆ ಬೇಡ,
ಜೊತೆಗೆ ದುಭಾಷಿ ಇದ್ದರೆ ಸಾಕು, ಹೊರಗೆ.
ಅಂಥ ಅಧಿಕಾರಿ ಗೊತ್ತು ನನಗೆ. ಮೂರನೇ ಕೌಂಟರು.
ವಾಖೋ ಏನೂ ಅನ್ನಲಿಲ್ಲ.
ಮತ್ತೊಂದು ಹಡಗಿಗೆ ಹಗ್ಗ ಎಸೆದ.

ಬೆಳಿಗ್ಗೆ ಮೆಟ್ಟಿಲಲ್ಲಿ ಬಾದ್ರಿ: ಓಡಿತಾ?
ಓಡಿತು.
ಹೇಳಲಿಲ್ಲವೇ, ಎಂದ ಮೀಸೆ ಒರೆಸಿ,
ನನ್ನ ದ್ರಾಕ್ಷಿ ಅಂಥದ್ದು.
ಬಸ್ಸಿಗೆ ಹೊತ್ತಾಗಿತ್ತು.
ಅದನ್ನು ಅನುವಾದಿಸದೆ ಬಿಟ್ಟೆ.